ಒನಕೆಯ ಸದ್ದು ತೆಗೆದ ಭಾನುವಾರ

ಕಾರ್ಖಾನೆಯಲ್ಲಿ ಬಿಡಿಭಾಗಗಳ ದೋಷ ಹುಡುಕುವುದು ನನ್ನ ಕೆಲಸವಾಗಿತ್ತು. ಗೀರು ಕಂಡರೆ ತಿರಸ್ಕರಿಸು, ಅಷ್ಟೇ. ಆ ಚಟ ಮನೆಗೂ ಬಂದು ನನ್ನ ಮಾನ ಕಳೆಯಿತು.

ನಾಶಿಕ್‌ನ ಬಾಡಿಗೆ ಮನೆಯಲ್ಲಿ ತಂಗಿಯ ಮದುವೆಗೆ ಅರಿಶಿನ ಕುಟ್ಟುವಾಗ ಅವ್ವ ಹಾಡಿದ್ದಳು. ಮದುವೆಯಿಲ್ಲದೆ ಆ ಕುಟ್ಟುವ ಪದ ಹಾಡಬಾರದೆಂಬುದು ಅವಳು ಬಾಗಲಕೋಟೆಯಿಂದ ತಂದ ಹಟ. ನಾನು ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡಿಕೊಂಡೆ. ಮರುವರ್ಷ ಅವಳ ಗಂಟಲಿಗೆ ಆಪರೇಷನ್ ಆಗಿ ದನಿ ಒಡೆಯಿತು. ಹಾಡಬಹುದೆಂದು ಡಾಕ್ಟರು ಹೇಳಿದರೂ ಅವ್ವ ಗುನುಗುವುದನ್ನೂ ಬಿಟ್ಟಳು. ಅವಳ ಹಾಡೆಂದು ಉಳಿದದ್ದು ಆ ರೆಕಾರ್ಡಿಂಗ್ ಒಂದೇ.

ಅದನ್ನು ಚೊಕ್ಕ ಮಾಡಿ ಅವಳಿಗೆ ಕೇಳಿಸೋಣವೆಂದು ಎರಡು ಪ್ರೋಗ್ರಾಂ ಹಾಕಿ ನೋಡಿದೆ. ಒಂದು ಬಲು ಚುರುಕು. ತೆಗೆ ಎಂದರೆ ತೆಗೆಯುತ್ತಿತ್ತು, ಉಳಿಸು ಎಂದರೆ ಅದೇ ಫೈಲಿನ ಮೇಲೆ ಉಳಿಸುತ್ತಿತ್ತು. ಇನ್ನೊಂದು ಮಹಾ ಸೋಮಾರಿ. ಹಾಡು ತೆರೆದರೆ ಸಾಕು, ಇಡೀ ಹಾಡಿನ ಪ್ರತಿ ಮಾಡಿ ತನ್ನ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿತ್ತು. ನಮ್ಮ ಹಾರ್ಡ್ ಡಿಸ್ಕಿನಲ್ಲೋ ಅಂಗೈಯಗಲ ಜಾಗ! "ಇದಕ್ಕೇನ್ ಧಾಡಿ, ಒಂದಿದ್ದಲ್ಲೆ ಎರಡು ಮಾಡತೈತಿ!" ಎಂದು ಬೈದು ಬದಿಗಿಟ್ಟೆ.

ಚುರುಕಿನದರಲ್ಲಿ ಎರಡು ಭಾನುವಾರ ಕೂತೆ. ಒನಕೆಯ ಧಡ್ ಧಡ್ ನನಗೆ ದೋಷವಾಗಿ ಕಂಡಿತು. ಅವ್ವನ ದನಿ ತೆಳ್ಳಗಾದರೂ ಚಿಂತೆಯಿಲ್ಲವೆಂದು ತೆಗೆದೆ. ಕುಟ್ಟಲು ಬಂದಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಕಾಕುವಿನ ನಗು ತೆಗೆದೆ. ಅವ್ವ ಉಸಿರೆಳೆದದ್ದನ್ನೂ ಬಿಡಲಿಲ್ಲ. ಉಳಿಸಿ, ಮುಚ್ಚಿ, ಜಂಬದಿಂದ ಅವಳನ್ನು ಕರೆದು ಕೂರಿಸಿದೆ.

ಕೇಳುತ್ತ ಅವ್ವನ ಹುಬ್ಬು ಗಂಟಿಕ್ಕಿತು. "ಒನಕಿ ಎಲ್ಲಿ ಹೋತೋ?"

"ಅದು ಬರೇ ಗದ್ದಲಬೇ ಯವ್ವಾ, ತಗದೀನಿ."

"ಗದ್ದಲಂತ ಗದ್ದಲ! ಖೋಡಿ, ಒನಕಿ ಬಿದ್ದರನ ಪದಾ ಏಳತೈತಿ. ಇದ್ಯಾರ ದನೀನೋ ಏನೋ, ನಂದಲ್ಲ." ಎದ್ದು ಅಡುಗೆಮನೆಗೆ ಹೋದಳು.

ಮೊದಲಿನದನ್ನೇ ಹಾಕೋಣವೆಂದು ಹುಡುಕಿದರೆ ಎಲ್ಲಿದೆ? ಅದರ ಮೇಲೆಯೇ ಉಳಿಸಿದ್ದೆನಲ್ಲ! ಅವ್ವನ ಹಾಡನ್ನು ನಾನೇ ಕೈಯಾರೆ ಕೊಂದೆನೆಂದು ಅಳು ಬಂತು.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೇಳಿದಳು: "ಒಂದಿದ್ದಲ್ಲೆ ಎರಡು ಮಾಡತೈತಿ ಅಂತ ಬೈತಿದ್ರಲ್ಲಾ, ಅದನ್ನ ತಗದ ಒಗದೀರೇನ್ರೀ?"

ಒಗೆದಿರಲಿಲ್ಲ. ಸೋಮಾರಿತನ ನನ್ನಲ್ಲೂ ಇತ್ತು, ಪುಣ್ಯಕ್ಕೆ. ಆ ಪ್ರೋಗ್ರಾಂ ತೆರೆದು, ಅದು ಇಟ್ಟುಕೊಂಡಿದ್ದ ಪ್ರತಿ ಹಾಕಿದೆ. ಧಡ್, ಧಡ್. ಕಾಕು ನಕ್ಕರು. ಅವ್ವ ಉಸಿರೆಳೆದಳು. ಬದುಕಿದೆನಪ್ಪಾ ಎಂದು ಕುರ್ಚಿಗೆ ಒರಗಿದೆ. ಚುರುಕಿನದನ್ನು ಅವತ್ತೇ ಕಂಪ್ಯೂಟರಿನಿಂದ ಕಿತ್ತೊಗೆದೆ.

ಸದ್ದು ಕೇಳಿ ಅವ್ವ ಮತ್ತೆ ಬಂದು ನೆಲದ ಮೇಲೆ ಕೂತಳು. ಒನಕೆ ಬಿದ್ದಂತೆಲ್ಲ ಮಂಡಿ ತಟ್ಟಿದಳು. ಎರಡನೆಯ ನುಡಿಗೆ, ಆ ಒಡಕು ದನಿಯಲ್ಲೇ, ತಾನೂ ಎತ್ತಿಕೊಂಡಳು. ಮನೆಯಲ್ಲಿ ಅವತ್ತು ಯಾರ ಮದುವೆಯೂ ಇರಲಿಲ್ಲ.