ಖಾಲಿ ಸೀಟಿನ ಬೆಲ್ಟು

ಮಲ್ಲೇಶ್ವರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ವಿಮಾನದ ಕಾರ್ಖಾನೆಯಿಂದ ರಿಟೈರ್ ಆದ ಫಿಟ್ಟರ್. ಊಟದ ಟೇಬಲ್ಲಿನಷ್ಟು ಉದ್ದದ ಮಾಡೆಲ್ ಪ್ಲೇನ್ ಕಟ್ಟುತ್ತಿದ್ದರು. ಕಿಟ್‌ನಲ್ಲಿ ಬಾರದ ಸಣ್ಣಪುಟ್ಟದ್ದನ್ನೆಲ್ಲ ಕೈಯಲ್ಲೇ ಮಾಡೋರು; ಪೈಲಟ್ ಸೀಟಿನ ಬೆಲ್ಟಿಗೆ ನನ್ನ ಹಳೇ ಸೀರೆಯ ಫಾಲ್ಸ್ ಹೋಯಿತು. ಮಾತಾಡಿಸಿದರೆ ಚಿಮಟ ಎತ್ತಿ ಹಿಡಿದು, "ಒಂದ್ನಿಮಿಷ ಮೇಡಂ" ಅನ್ನೋರು. ಆ ಒಂದು ನಿಮಿಷ ಎರಡು ವರ್ಷ ನಡೆಯಿತು; ಪಾಪ, ಡಿಯರ್ ಮ್ಯಾನ್ ಅವರು.

ಕೊನೆಗೆ ಕಾಕ್‌ಪಿಟ್ಟಿಗೆ ಗಾಜಿನಂಥ ಮುಚ್ಚಳ ಅಂಟಿಸಿ ನನ್ನನ್ನು ಕರೆದರು.

"ಬ್ಯೂಟಿಫುಲ್! ಬೆಲ್ಟ್ ಎಷ್ಟು ನೀಟಾಗಿ ಬಿಗಿದಿದೀರಿ!" ಅಂದೆ.

ಅವರ ಮುಖ ಬಾಡಿತು. "ಬೆಲ್ಟ್ ಬಿಗಿದಿದೆ, ಆಳಿಲ್ಲ. ಹಾಗಾದ್ರೆ ಪೈಲಟ್ ಎಲ್ಹೋದ ಮೇಡಂ?"

ಬೇಡವೆಂದರೂ ಕೇಳದೆ ಮುಚ್ಚಳ ಕಿತ್ತರು. ಅದು ಸೀಳಿಹೋಯಿತು, ಮತ್ತೊಂದು ಸಿಗುವಂಥದ್ದಲ್ಲ. ಬೆಲ್ಟನ್ನು ಬಿಚ್ಚಿ ಸೀಟಿನ ಎರಡೂ ಪಕ್ಕಕ್ಕೆ ಇಳಿಬಿಟ್ಟು, ನಿಧಾನವಾಗಿ ಕುರ್ಚಿಗೊರಗಿದರು.

"ಈಗ ಸರಿಹೋಯ್ತು. ಇಳಿದು ಕಾಫಿಗೆ ಹೋಗಿದಾನೆ."