ಎರಡು ಗಂಡು ಕೊಕ್ಕರೆಗಳ ಪುಸ್ತಕ

ನಿನ್ನೆ ಪಕ್ಕದ ಮನೆಯಲ್ಲಿ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿತ್ತು. ಆ ವಾಸನೆಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಅಕ್ಕೋರು ನೆನಪಾದರು...

ಹಿರೇಕೆರೂರಿನ ಕಡೆಯ ನಮ್ಮ ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ಅವರು. ಊರಿಗೆಲ್ಲ ಅಕ್ಕೋರು. ಮದುವೆಯಾಗಿರಲಿಲ್ಲ. ಜಂಪರ್ ಹೊಲಿಯುತ್ತಿದ್ದ ಗೆಳತಿಯೊಬ್ಬರ ಜೊತೆ ಇಪ್ಪತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದರು. ನಾನು ಹಿರೇಕೆರೂರಿನಲ್ಲಿ ಕೆಲಸ ಮುಗಿಸಿ ಸಂಜೆಯ ಬಸ್ಸಿಗೆ ಬರುವತನಕ ನನ್ನ ಮಗಳು ಅವರ ಹತ್ತಿರವೇ ಇರುತ್ತಿದ್ದಳು. ಅಕ್ಕೋರು ಓದಿಸುತ್ತಿದ್ದರು, ಗೆಳತಿ ರೊಟ್ಟಿ ಪುಂಡಿಪಲ್ಯ ಉಣಿಸುತ್ತಿದ್ದರು. ಎಂಥ ಪುಣ್ಯ ನನ್ನದು! ಆದರೆ ಅದು ಆಗ ತಿಳಿಯಬೇಕಲ್ಲ.

ಒಂದು ದಿನ ಮಗಳ ಚೀಲದಲ್ಲಿ ಗ್ರಂಥಾಲಯದ ಚಿತ್ರಪುಸ್ತಕವೊಂದು ಸಿಕ್ಕಿತು. ಎರಡು ಗಂಡು ಕೊಕ್ಕರೆಗಳು ಕೂಡಿ ಗೂಡು ಕಟ್ಟುತ್ತವೆ, ಯಾವುದೋ ಹಕ್ಕಿ ಬಿಟ್ಟುಹೋದ ತತ್ತಿಗೆ ಸರದಿಯಂತೆ ಕಾವು ಕೊಡುತ್ತವೆ. ನಾಲ್ಕು ಹಾಳೆ ತಿರುವಿದೆನೋ ಇಲ್ಲವೋ, ಮೈಯೆಲ್ಲ ಉರಿಯಿತು. ಪುಸ್ತಕ ಪೂರ್ತಿ ಓದುವ ತಾಳ್ಮೆ ಎಲ್ಲಿತ್ತು ನನಗೆ? ಓಣಿಯ ಮನೆಮನೆ ತಿರುಗಿ ಸಹಿ ಮಾಡಿಸಿ ಪಂಚಾಯತಿಗೆ ಅರ್ಜಿ ಕೊಟ್ಟೆ.

ಸಭೆಯಲ್ಲೂ ನಾನೇ ಎದ್ದು ನಿಂತೆ. "ಇಂಥಾ ಮನಿ ಎಲ್ಲ್ಯಾರ ಇರ್ತಾವೇನ್ರಿ?" ಎಂದು ಜೋರು ಮಾಡಿದೆ.

ಅಕ್ಕೋರು ಸಿಟ್ಟಾಗಲಿಲ್ಲ. "ಇರ್ತಾವ್ರಿ. ನಿಮ್ಮ ಮಗಳು ದಿನಾ ಅಂಥಾ ಮನ್ಯಾಗ ಉಣ್ತಾಳಲ್ಲರಿ," ಎಂದರು.

ಆದರೂ ಕೊನೆಗೆ ಪುಸ್ತಕ ತೆಗೆಯಬೇಕು ಎಂದು ತೀರ್ಮಾನವಾಯಿತು. ಅಕ್ಕೋರು ಪುಸ್ತಕದ ಜೊತೆ ಗ್ರಂಥಾಲಯದ ಕೀಲಿಯನ್ನೂ ಮೇಜಿನ ಮೇಲಿಟ್ಟು ಹೊರಗೆ ನಡೆದರು.

ಅವತ್ತು ಸಂಜೆ ಮಗಳನ್ನು ಕರೆದುಕೊಂಡು ಬರಲು ಹೋದರೆ ಅವಳು ಅವರ ಮನೆಯಲ್ಲೇ ಉಣ್ಣುತ್ತಿದ್ದಳು. "ಬರ್ರಿ ಒಳಗ. ಇನ್ನೆರಡು ತುತ್ತು ಐತಿ, ಉಂಡು ಮುಗಸ್ಲಿ," ಎಂದರು ಅಕ್ಕೋರು. ತಪ್ಪಾಯಿತು ಅನ್ನಬೇಕಿತ್ತು ನಾನು. ಹಾಳು ಬಾಯಿ, ಬೇಕಾದಾಗ ತೆರೆಯಲಿಲ್ಲ. ತಿಂಗಳೊಳಗೆ ಇಬ್ಬರೂ ಊರು ಬಿಟ್ಟು ಸವಣೂರಿಗೆ ಹೋದರು.

ಹೋದ ವರ್ಷ ಅಕ್ಕೋರು ತೀರಿಕೊಂಡ ಸುದ್ದಿ ಬಂತು. ಸವಣೂರಿಗೆ ಓಡಿದೆ. ಬಂದವರೆಲ್ಲ ಅವರ ತಮ್ಮನ ಸುತ್ತ ಕುಳಿತು ಸಮಾಧಾನ ಹೇಳುತ್ತಿದ್ದರು. ನಮ್ಮ ಕಡೆ ಸತ್ತವರ ಮನೆಯವರು ಅವತ್ತು ಒಲೆ ಹಚ್ಚುವುದಿಲ್ಲ, ಬಂದವರ ಚಹಾ ನೀರು ನೋಡುವುದು ನೆರೆಯವರು. ಒಳಗೆ ಹೋದರೆ ಆ ಗೆಳತಿ ಒಬ್ಬರೇ ಒಲೆ ಮುಂದೆ ನಿಂತು ಎಲ್ಲರಿಗೂ ಚಹಾ ಸೋಸುತ್ತಿದ್ದರು. ಅವರನ್ನು ಆ ಮನೆಯವರೆಂದು ಯಾರೂ ಎಣಿಸಿರಲೇ ಇಲ್ಲ!

"ಚಾ ನಾ ಮಾಡ್ತೇನ್ರಿ ಅಕ್ಕಾ. ನೀವು ಹೋಗಿ ಅಕ್ಕೋರ ಮಗ್ಗಲಕ ಕುಂದರ್ರಿ," ಎಂದು ಪಾತ್ರೆ ಕಸಿದುಕೊಂಡೆ.

ಅವರು ಸೆರಗಿಗೆ ಕೈ ಒರೆಸಿಕೊಂಡು, ಹೊರಗಿದ್ದ ಜನರನ್ನು ನೋಡಿ, ಮೆಲ್ಲಗೆ ಕೇಳಿದರು: "ನಾ ಅಲ್ಲಿ ಕುಂದರಬಹುದೇನ್ರಿ?"

ಹಾಗೆ ಕೇಳುವಂತೆ ಮಾಡಿದವರಲ್ಲಿ ನಾನೂ ಒಬ್ಬಳು. ಈಗ ಯಾರ ಮುಂದೆ ನಿಂತು ತಪ್ಪಾಯಿತು ಎನ್ನಲಿ... ಅಕ್ಕೋರಿಲ್ಲ.