ಸುಕ್ಕು ಒರೆಸಿದ ಮುಖ

ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕೇಳಿ. ಇದು ದಾನ್ಯೂಬ್ ದಂಡೆಯ ನಮ್ಮ ಲೋಮ್ ಪಟ್ಟಣದ ನೆವ್ಯಾನಾ ದೋಂಚೆವಾ ಎಂಬ ಹೆಂಗಸಿನ ಬದುಕಿನ ಮಾತು. ಆಕೆ ದೊಡ್ಡ ಪಾಪಿಯೂ ಅಲ್ಲ, ಸಂತಳೂ ಅಲ್ಲ. ಅಂಚೆ ಕಚೇರಿಯ ಹಿಂದಿನ ಓಣಿಯ ಪುಟ್ಟ ಮುದ್ರಣದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ತಲೆತಗ್ಗಿಸಿ ದುಡಿದವಳು. ದೇವರು ತನಗೆ ಕೊಟ್ಟ ಮುಖವನ್ನು ಆಕೆ ಒಬ್ಬ ಒಳ್ಳೆಯ ಮನುಷ್ಯನಿಂದ ಬಚ್ಚಿಟ್ಟಳು. ಅದರಿಂದ ಏನಾಯಿತೆಂಬುದೇ ಈ ಕಥೆ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಭಾವಚಿತ್ರವಿರುವ ಕಪ್ಪಂಚಿನ ಕಾಗದವನ್ನು ಮನೆಯ ಗೇಟಿಗೆ, ಬಸ್ ನಿಲ್ದಾಣದ ಗೋಡೆಗೆ, ಬೀದಿಯ ಮರಗಳಿಗೆ ಅಂಟಿಸುತ್ತೇವೆ. ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ಮನೆಯವರಿಗೆ ನೆನಪು ಉಕ್ಕಿದ ವರ್ಷಗಳಲ್ಲೆಲ್ಲ ಒಂದೊಂದು. ಹೋದವರು ಹೀಗೆ ಇದ್ದವರ ಕಣ್ಣೆದುರೇ ಗೋಡೆಗಳ ಮೇಲೆ ಉಳಿದಿರುತ್ತಾರೆ. ಆ ಕಾಗದಗಳನ್ನು ಸಿದ್ಧಪಡಿಸುವುದು ನೆವ್ಯಾನಾಳ ಕೆಲಸ. ಮನೆಯವರು ಅಳುತ್ತ ಒಂದು ಫೋಟೋ ತರುತ್ತಾರೆ: ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು, ಕೈಯಲ್ಲಿ ಲೋಟ ಹಿಡಿದದ್ದು, ಕೆಲವೊಮ್ಮೆ ಆಸ್ಪತ್ರೆಯ ದಿಂಬಿಗೆ ಒರಗಿದ್ದು. ಆಕೆ ಲೋಟವನ್ನು ಅಳಿಸಿ, ಕೊರಳಿಗೆ ಶುಭ್ರವಾದ ಕಾಲರು ತೊಡಿಸಿ, ಕಂಪ್ಯೂಟರಿನ ಪರದೆಯ ಮೇಲೆ ಸುಕ್ಕುಗಳನ್ನು ಒಂದೊಂದಾಗಿ ಒರೆಸಿಬಿಡುವಳು. ತಾಯಿಯ ಮುಖ ಮೂವತ್ತು ವರ್ಷ ಹಿಂದಕ್ಕೆ ಹೋದದ್ದನ್ನು ಕಂಡು ಮಕ್ಕಳು ಅವಳ ಕೈ ಹಿಡಿದು ಅತ್ತದ್ದುಂಟು. ಅಂಗಡಿಯ ಒಡತಿ ಸ್ಲಾವ್ಕಾ ಹರಿತ ನಾಲಿಗೆಯ ಮುದುಕಿ. “ನಿನ್ನ ಕೈಗೆ ಸಿಕ್ಕಿದ್ಮೇಲೆ ಸತ್ತೋರಿಗೂ ಗಂಡು ಹುಡುಕಬಹುದು ಕಣೇ” ಎಂದು ಅವಳು ಚುಚ್ಚುತ್ತಿದ್ದಳು.

ನೆವ್ಯಾನಾಳ ಸ್ವಂತ ಮುಖವನ್ನು ಒರೆಸಿಕೊಡುವವರು ಯಾರೂ ಇರಲಿಲ್ಲ. ಎಂಟು ಚಳಿಗಾಲಗಳ ಹಿಂದೆ ಒಂದು ಬೆಳಗ್ಗೆ ಎದ್ದಾಗ ಅವಳ ಎಡಗೆನ್ನೆ ಜೋತುಬಿದ್ದಿತ್ತು. ಎದುರುಬದುರಾಗಿ ತೆರೆದಿಟ್ಟ ಕಿಟಕಿಗಳ ಗಾಳಿ ಹೊಡೆದಿದೆ ಎಂದು ನೆರೆಯವರು ಹೇಳಿದರು. ನರ ಸೋತಿದೆ, ಸರಿಹೋಗುತ್ತದೆ ಎಂದು ವೈದ್ಯರು ಹೇಳಿದರು. ಅರ್ಧ ಸರಿಹೋಯಿತು, ಅರ್ಧ ಉಳಿಯಿತು. ನಕ್ಕರೆ ತುಟಿಯ ಒಂದು ತುದಿ ಮಾತ್ರ ಮೇಲೇಳುತ್ತಿತ್ತು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಅಂದಿನಿಂದ ಆಕೆ ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದಳು. ಮೈ ತುಂಬಿಕೊಂಡಿತು, ಕೂದಲು ಬೆಳ್ಳಗಾಯಿತು. ಐವತ್ತು ದಾಟುವಾಗ ಅಪ್ಪ ಅಮ್ಮ ಇಬ್ಬರೂ ಮಣ್ಣಿನಲ್ಲಿದ್ದರು. ಊಟದ ಮೇಜಿನ ಮೇಲೆ ಒಂದೇ ತಟ್ಟೆ ಇತ್ತು.

ಅಂತರ್ಜಾಲದಲ್ಲಿ ಜೊತೆ ಹುಡುಕಿಕೊಡುವ ತಾಣಕ್ಕೆ ಹೆಸರು ಕೊಡು ಎಂದು ಒತ್ತಾಯ ಮಾಡಿದವಳು ಸ್ಲಾವ್ಕಾಳೇ. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ವೇಳೆ, ನೆವ್ಯಾನಾ ಆ ಅರ್ಜಿಯನ್ನು ತುಂಬಲು ಕುಳಿತಳು. ಹೆಸರು ನಿಜವಾದದ್ದೇ ಬರೆದಳು. ವಯಸ್ಸೂ ನಿಜವಾದದ್ದೇ. ಮೈಕಟ್ಟು ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ತಡೆದು ‘ತೆಳು’ ಎಂಬುದನ್ನು ಒತ್ತಿತು. ಭಾವಚಿತ್ರ ಎಂಬಲ್ಲಿಗೆ ಬಂದಾಗ ಆಕೆ ಹದಿನಾರು ವರ್ಷ ಹಿಂದಿನ ಒಂದು ಫೋಟೋವನ್ನು ಹೊರತೆಗೆದಳು. ಹೊಳೆಯ ದಂಡೆಯಲ್ಲಿ ತೆಗೆದದ್ದು; ಎರಡೂ ಕೆನ್ನೆ ಸಮನಾಗಿ ನಗುತ್ತಿದ್ದ ಕಾಲದ್ದು. ಅದೂ ಸಾಲದೆಂದು ಕಣ್ಣಂಚಿನ ಎರಡು ಗೆರೆ ಒರೆಸಿದಳು, ಕೊರಳಿನ ಕೆಳಗೆ ಒಂದು ಮಡಿಕೆ ತೆಗೆದಳು. ಕೈ ಅಭ್ಯಾಸದಂತೆ ತಾನಾಗಿ ಓಡಿತು. ಪ್ರಿಯರೇ, ಆ ದಿನ ಆಕೆ ಸತ್ತವರಿಗೆ ಮಾಡುವ ಉಪಚಾರವನ್ನು ಬದುಕಿರುವ ತನಗೇ ಮಾಡಿಕೊಂಡಳು, ಮತ್ತು ಅದು ಅವಳಿಗೆ ಗೊತ್ತಾಗಲಿಲ್ಲ.

ಅದನ್ನು ನೋಡಿ ಅವಳಿಗೆ ಬರೆದವನು ಪ್ಲೆವೆನ್ ನಗರದ ರಾದ್ಕೊ. ಟ್ರಾಲಿಬಸ್ಸಿನ ಚಾಲಕ, ಹೆಂಡತಿ ತೀರಿ ನಾಲ್ಕು ವರ್ಷವಾದವನು. ಅವನ ಪುಟದಲ್ಲಿ ಟೋಪಿ ಇಲ್ಲದ ಬೋಳುತಲೆಯ ಫೋಟೋ ಇತ್ತು, ಕೆಳಗೆ ಹೀಗೆ ಬರೆದಿತ್ತು: “ತಲೆ ನೋಡಿದ್ದೀರಲ್ಲ, ಹೊಟ್ಟೆ ಫೋಟೋದಲ್ಲಿ ಹಿಡಿಸಲಿಲ್ಲ. ಬಲಗೈಯಲ್ಲಿ ಒಂದೂವರೆ ಬೆರಳಿಲ್ಲ. ಗೊರಕೆ ಹೊಡೀತೀನಿ ಅಂತ ಹೆಂಡತಿ ಹೇಳ್ತಿದ್ದಳು, ನಾನಂತೂ ಕೇಳಿಲ್ಲ.” ನೆವ್ಯಾನಾ ಇದನ್ನು ಓದಿ, ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಏಳು ತಿಂಗಳು ಅವರು ಫೋನಿನಲ್ಲಿ ಮಾತಾಡಿದರು. ಟ್ರಾಲಿಬಸ್ಸಿನ ಕೊನೆಯ ನಿಲ್ದಾಣದಲ್ಲಿ ಅವನಿಗೆ ಇಪ್ಪತ್ತು ನಿಮಿಷ ಬಿಡುವು. ಆ ಇಪ್ಪತ್ತು ನಿಮಿಷ ಪ್ರತಿದಿನ ಅವಳದಾಯಿತು. ‘ನೀವು’ ಎಂಬುದು ಮೂರನೆಯ ವಾರಕ್ಕೆ ‘ನೀನು’ ಆಯಿತು. ತಮ್ಮನ ಜೇನುಗೂಡಿನಿಂದ ಒಂದು ಡಬ್ಬಿ ಜೇನನ್ನು ಅವಳ ಮನೆಯ ವಿಳಾಸಕ್ಕೆ ಕಳುಹಿಸಿದ. ಮುಖ ನೋಡುತ್ತ ಮಾತಾಡೋಣ ಎಂದು ಅವನು ಕೇಳಿದಾಗಲೆಲ್ಲ ಆಕೆ ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದಳು. ಐದನೆಯ ಸಲವೂ ಕೆಟ್ಟೇ ಇತ್ತು. ನಿನಗೆ ಐವತ್ತು ಎಂದರೆ ನಂಬಲಾಗುವುದಿಲ್ಲ ಎಂದು ಅವನು ಹೊಗಳಿದ ದಿನ ಆಕೆ ಸ್ನಾನದ ಕೋಣೆಯ ಕನ್ನಡಿಗೆ ಟವೆಲು ಹೊದಿಸಿದಳು. ಹೇಳಿಬಿಡೇ ಎಂದು ಸ್ಲಾವ್ಕಾ ವಾರಕ್ಕೊಮ್ಮೆ ಬೈಯುತ್ತಿದ್ದಳು. ಬರುವ ವಾರ ಹೇಳುತ್ತೇನೆ ಎಂದು ಇವಳು ವಾರಕ್ಕೊಮ್ಮೆ ಮಾತು ಕೊಡುತ್ತಿದ್ದಳು.

ಅದೇ ವಸಂತದಲ್ಲಿ ಅವಳ ಅಜ್ಜಿ ತೀರಿ ಹದಿನೈದು ವರ್ಷ ತುಂಬಿತು. ಅಪ್ಪನ ತಾಯಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮ ವಾಡಿಕೆ. ಆದ್ದರಿಂದ ಅಜ್ಜಿಯೂ ನೆವ್ಯಾನಾ ದೋಂಚೆವಾಳೇ. ಮುಖದ ಅಚ್ಚೂ ಒಂದೇ. ಮೊಮ್ಮಗಳು ಅಜ್ಜಿಯ ಮೂವತ್ತೈದರ ವಯಸ್ಸಿನ ಫೋಟೋ ಆರಿಸಿ, ತಲೆಯ ವಸ್ತ್ರವನ್ನು ತೆಗೆದು, ಗೆರೆಗಳನ್ನು ಒರೆಸಿ, ಎಲ್ಲರಿಗೂ ತೊಡಿಸುವ ಕಾಲರನ್ನೇ ತೊಡಿಸಿ ಕಾಗದ ಮಾಡಿದಳು. ಹೆಸರು, ಅದರ ಕೆಳಗೆ ‘ನೀನಿಲ್ಲದ ಹದಿನೈದು ವರ್ಷ’ ಎಂಬ ಸಾಲು, ಅಷ್ಟೇ. ಅದನ್ನು ಮನೆಯ ಗೇಟಿಗೆ ಅಂಟಿಸಿದಳು.

ಮೇ ತಿಂಗಳ ಒಂದು ಶನಿವಾರ ಬರುವುದಾಗಿ ರಾದ್ಕೊ ತಿಳಿಸಿದ. ಎರಡು ಕಡೆ ರೈಲು ಬದಲಿಸಿ ಬರಬೇಕು. ಹೊಳೆಯ ಎದುರಿನ ಉದ್ಯಾನದ ಬೆಂಚಿನ ಬಳಿ, ಹನ್ನೊಂದು ಗಂಟೆಗೆ. ಬೇಡ ಎನ್ನಲು ಅವಳ ನಾಲಿಗೆ ಏಳಲಿಲ್ಲ. ಆ ಮನುಷ್ಯ ಅವಳಿಗೆ ಅಷ್ಟು ಬೇಕಾಗಿದ್ದ. ಎದುರು ನಿಂತು ಎಲ್ಲವನ್ನೂ ಹೇಳುತ್ತೇನೆ, ಒಪ್ಪಿದರೆ ಒಪ್ಪಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡು, ಇಸ್ತ್ರಿ ಮಾಡಿದ ನೀಲಿ ಉಡುಪು ತೊಟ್ಟು ಹೊರಟಳು.

ದೂರದಿಂದಲೇ ಗುರುತು ಸಿಕ್ಕಿತು. ಬೋಳುತಲೆ ಬಿಸಿಲಿಗೆ ಹೊಳೆಯುತ್ತಿತ್ತು, ಕೈಯಲ್ಲಿ ಕೆಂಪು ಕಾರ್ನೇಷನ್ ಹೂವುಗಳು. ನಮ್ಮ ಹೆಂಗಸರ ಕಣ್ಣು ಮೊದಲು ಹೂವುಗಳನ್ನು ಎಣಿಸುತ್ತದೆ. ಏಳಿದ್ದವು. ಬದುಕಿರುವವರಿಗೆ ಬೆಸಸಂಖ್ಯೆ, ತೀರಿದವರಿಗೆ ಸಮಸಂಖ್ಯೆ. ಇಷ್ಟು ಇಲ್ಲಿನ ಮಕ್ಕಳಿಗೂ ಗೊತ್ತು. ಆಕೆ ಹತ್ತಿರ ಬಂದಳು. ಅವನು ತಲೆ ಎತ್ತಿ ಅವಳನ್ನು ನೋಡಿದ. ನೋಡಿ, ಮತ್ತೆ ದಾರಿಯ ಕಡೆ ಕಣ್ಣು ಹಾಯಿಸಿದ. ಅವಳು ದಾಟಿಹೋಗುವಷ್ಟರಲ್ಲಿ ಎದ್ದುನಿಂತು, ಫೋನಿನಲ್ಲಿದ್ದ ಫೋಟೋ ತೋರಿಸಿದ.

“ಅಮ್ಮಾ, ಸ್ವಲ್ಪ ನಿಲ್ತೀರಾ? ಇವರನ್ನ ಈ ಕಡೆ ಎಲ್ಲಾದ್ರೂ ನೋಡಿದ್ರಾ?”

ಅವಳ ಕೈಯಳತೆಯಲ್ಲಿ ಅವನಿದ್ದ. ತೆರೆಯಬೇಕಾದದ್ದು ಬಾಯಿ ಮಾತ್ರ. ಆದರೆ ಪರದೆಯ ಮೇಲಿನ ಆ ನುಣುಪು ಮುಖ ಅವಳನ್ನೇ ನೋಡಿ ನಗುತ್ತಿತ್ತು. ಅದರ ಪಕ್ಕದಲ್ಲಿ ತನ್ನ ಮುಖವನ್ನು ಇಡುವ ಧೈರ್ಯ ಆಕೆಗೆ ಬರಲಿಲ್ಲ. ನಮ್ಮವರು ಇಲ್ಲವೆನ್ನುವಾಗ ಮಾಡುವಂತೆ ಗದ್ದವನ್ನು ಒಮ್ಮೆ ಮೇಲಕ್ಕೆತ್ತಿದಳು. ಸದ್ದಿಲ್ಲದೆ ತನ್ನನ್ನು ತಾನೇ ಅಲ್ಲಗಳೆದು ಮುಂದೆ ನಡೆದುಹೋದಳು.

ನಡೆದದ್ದು ನೇರವಾಗಿ ಅಂಗಡಿಗೆ. ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಅದನ್ನು ಆರಿಸಿಬಿಟ್ಟಳು. ಕಾಗದದ ಕಟ್ಟುಗಳ ನಡುವೆ ಒಂದು ಗಂಟೆಗೂ ಹೆಚ್ಚು ಹೊತ್ತು ಅತ್ತಳು. ಸ್ಲಾವ್ಕಾ ಮೊದಲು ಸಮಾಧಾನ ಹೇಳಿದಳು, ಆಮೇಲೆ ತಾಳ್ಮೆ ಕಳೆದುಕೊಂಡಳು.

“ಆ ಗಂಡಸು ಬೆರಳಿಲ್ಲದ ಕೈಯನ್ನ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದಾನೆ. ನಿನಗೆ ನಿನ್ನ ಕೆನ್ನೆ ಅಷ್ಟು ದೊಡ್ಡದಾಯ್ತಾ? ಏಳು. ಮುಖ ತೊಳ್ಕೋ, ಹೋಗು.”

ಮುಖ ತೊಳೆಯಲು ಆಕೆ ಮನೆಯ ಕಡೆ ಬಂದಳು. ಗೇಟಿನ ಮುಂದೆ ಕಾಲು ನಿಂತಿತು. ಅಜ್ಜಿಯ ಕಾಗದದ ಕೆಳಗೆ, ಗೇಟಿನ ಸರಳುಗಳ ನಡುವೆ, ಕೆಂಪು ಕಾರ್ನೇಷನ್‌ಗಳು. ಆಕೆ ಎಣಿಸಿದಳು. ಆರು. ಮತ್ತೊಮ್ಮೆ ಎಣಿಸಿದಳು.

ಎಲ್ಲವೂ ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಕಾದು ಸೋತು, ಜೇನು ಕಳುಹಿಸಿದ ವಿಳಾಸ ಹಿಡಿದು ಅವನು ಬಂದಿದ್ದಾನೆ. ಊರೆಲ್ಲ ಊಟಕ್ಕೆ ಕುಳಿತ ಹೊತ್ತು, ಕೇಳಲು ಬೀದಿಯಲ್ಲಿ ಯಾರೂ ಇರಲಿಲ್ಲ. ಗೇಟಿನ ಮೇಲೆ ಅದೇ ಹೆಸರು, ಅದೇ ಕೈ ಒರೆಸಿದ ಅದೇ ಮುಖ, ಹದಿನೈದು ವರ್ಷ ಹಿಂದೆ ಸತ್ತವಳೆಂಬ ಸಾಲು. ವಯಸ್ಸು ಬರೆದಿರಲಿಲ್ಲ. ತಾನು ಪ್ರೀತಿಸಿದ ಹೆಂಗಸು ಹರೆಯದಲ್ಲೇ ಹೋದವಳು, ಯಾರೋ ಅವಳ ಮುಖ ಕದ್ದು ತನ್ನನ್ನು ಆಟವಾಡಿಸಿದ್ದಾರೆ ಎಂದಲ್ಲದೆ ಆ ಮನುಷ್ಯ ಇನ್ನೇನು ತಿಳಿದಾನು? ಆದರೂ ಉಗುಳಿ ಹೋಗಲಿಲ್ಲ. ಸತ್ತವಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲು ಒಂದು ಹೂವನ್ನು ಹಿಂದೆ ತೆಗೆದುಕೊಂಡಿದ್ದ.

ಆಕೆ ರೈಲುನಿಲ್ದಾಣಕ್ಕೆ ಓಡಿದಳು. ಐವತ್ತರ ಭಾರದ ದೇಹ, ಇಸ್ತ್ರಿ ಮಾಡಿದ ಉಡುಪು ಬೆವರಿನಲ್ಲಿ ಒದ್ದೆ. ಬಾಯಿಗೆ ಕೈ ಅಡ್ಡ ಹಿಡಿಯುವ ನೆನಪೂ ಇರಲಿಲ್ಲ. ರೈಲು ಬಂದು ನಿಂತಿತ್ತು. ಅವನು ಮೆಟ್ಟಿಲ ಬಳಿ ಇದ್ದ, ಉಳಿದ ಒಂದು ಹೂವು ಕೈಯಲ್ಲಿ.

“ರಾದ್ಕೊ, ನಾನು. ನೆವ್ಯಾನಾ. ಗೇಟಿನ ಮೇಲಿರೋದು ನಮ್ಮಜ್ಜಿ.”

ಅವನು ತಿರುಗಿದ. ಬಹಳ ಹೊತ್ತು ನೋಡಿದ. ಅವಳ ದನಿ ಅವನಿಗೆ ಏಳು ತಿಂಗಳ ಪರಿಚಯದ್ದು. ಅದರಲ್ಲಿ ಸಂಶಯವೇ ಇರಲಿಲ್ಲ.

“ದನಿ ನಿನ್ನದೇ,” ಎಂದ. ಆಮೇಲೆ, “ಬೆಂಚಿನ ಹತ್ತಿರ ನಾನು ಕೇಳಿದ್ದು ನಿಮ್ಮನ್ನೇ ಅಲ್ವಾ?” ಎಂದ.

ಆ ‘ನಿಮ್ಮನ್ನೇ’ ಎಂಬುದನ್ನು ಕೇಳಿದಾಗಲೇ ಆಕೆಗೆ ಅರ್ಧ ಉತ್ತರ ಸಿಕ್ಕಿತ್ತು. ನಾಚಿಕೆಯಾಯಿತು, ಈ ಮುಖ ಕಂಡರೆ ಹೊರಟುಹೋಗುತ್ತೀಯೆಂದು ಹೆದರಿದೆ ಎಂದು ತೊದಲಿದಳು.

“ಮುಖಕ್ಕೆ ಹೆದರೋನಲ್ಲ ನಾನು,” ಎಂದ ರಾದ್ಕೊ. ಅವನ ದನಿ ಗಟ್ಟಿಯಾಗಲಿಲ್ಲ. “ನನ್ನ ಹೆಂಡತಿಗೆ ಕೊನೇ ವರ್ಷ ತಲೇಲಿ ಒಂದು ಕೂದಲಿರಲಿಲ್ಲ. ಹುಬ್ಬೂ ಇರಲಿಲ್ಲ. ದಿನಾ ಬೆಳಗ್ಗೆ ನಾನೇ ಮುಖ ಒರೆಸ್ತಿದ್ದೆ. ನಿಮ್ಮ ಕೆನ್ನೆ ನನಗೆ ಯಾವ ಲೆಕ್ಕ? ನಾನು ನಿಮ್ಮ ಗೇಟಿನ ಮುಂದೆ ಅರ್ಧ ಗಂಟೆ ಅತ್ತೆ. ನಿಮ್ಮನ್ನ ಅಲ್ಲೇ ಮಣ್ಣು ಮಾಡಿ ಬಂದೆ. ಒಬ್ಬಳನ್ನ ಮಣ್ಣು ಮಾಡೋದೇ ಸಾಕಾಗಿತ್ತು ನನಗೆ.”

ಅವಳು ಅವನ ತೋಳು ಹಿಡಿದು, ಮುಂದಿನ ರೈಲಿಗೆ ಹೋಗು, ಒಂದು ಲೋಟ ಕಾಫಿ ಕುಡಿ, ಅಷ್ಟೇ ಸಾಕು ಎಂದು ಬೇಡಿದಳು.

“ಕಣ್ಣೆದುರು ನಿಂತು ಇಲ್ಲ ಅಂದ್ರಿ,” ಎಂದ. “ನಾಳೆ ನೀವು ಹೌದು ಅಂದ್ರೂ, ಇಲ್ಲ ಅಂದ್ರೂ, ನಾನು ಯಾವುದನ್ನ ನಂಬಲಿ?”

ಗಾರ್ಡು ಸೀಟಿ ಊದಿದ. ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ಮೆಟ್ಟಿಲು ಹತ್ತಿದ. ಆ ಒಂದು ಹೂವು ಬದುಕಿರುವವಳಿಗೆ ಸಲ್ಲಬಹುದಾಗಿತ್ತು. ಅವನು ಅದನ್ನು ಕೊಡಲಿಲ್ಲ.

ಎರಡು ತಿಂಗಳು ಆಕೆ ಬರೆದಳು. ಒಂದೇ ಸಲ ಉತ್ತರ ಬಂತು: ಕೋಪವಿಲ್ಲ, ಆರೋಗ್ಯದಿಂದಿರಿ, ಇನ್ನು ಬರೆಯಬೇಡಿ. ಆಕೆ ಆ ಮಾತನ್ನು ನಡೆಸಿಕೊಟ್ಟಳು. ಕೆಲವು ವಾರ ನಮ್ಮ ಚರ್ಚಿನ ಪ್ರಾರ್ಥನೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು, ಅಳದೆ, ಹಾಡದೆ. ಆಮೇಲೆ ಒಂದು ದಿನ ಮಧ್ಯಾಹ್ನ ಸ್ಲಾವ್ಕಾಳ ಕೈಗೆ ಫೋನು ಕೊಟ್ಟು, ಅಂಗಡಿಯ ಬಾಗಿಲ ಬೆಳಕಿನಲ್ಲಿ ನಿಂತು, ತೆಗೆ ಎಂದಳು. ಬಾಯಿಗೆ ಕೈ ಅಡ್ಡ ಹೋಯಿತು, ತಾನೇ ಇಳಿಸಿದಳು. ಆ ಫೋಟೋದಲ್ಲಿ ಒಂದು ಗೆರೆಯನ್ನೂ ಮುಟ್ಟಲಿಲ್ಲ. ಹಳೆಯದನ್ನು ತೆಗೆದು ಅದನ್ನು ಹಾಕಿದಳು, ‘ತೆಳು’ ಎಂಬುದನ್ನು ಅಳಿಸಿದಳು, ಕೆಳಗೆ ಬರೆದಳು: “ಎಡಗೆನ್ನೆ ನಗುವುದಿಲ್ಲ. ಬಲಗೆನ್ನೆ ನಗುತ್ತದೆ.” ಒಂದು ವರ್ಷ ಕಳೆದಿದೆ. ಇಂದಿನವರೆಗೆ ಯಾರೂ ಬರೆದಿಲ್ಲ. ಆಕೆ ಅದನ್ನು ತೆಗೆದೂ ಇಲ್ಲ. ಯಾರಾದರೂ ಬಂದರೆ ಬೆಂಚಿನ ಬಳಿ ನನ್ನನ್ನೇ ಹುಡುಕಲಿ ಎನ್ನುತ್ತಾಳೆ.

ಪ್ರಿಯರೇ, ಒಂಟಿತನ ಎಂಥ ಕ್ರೂರಿ ಎಂಬುದು ದೇವರಿಗೆ ಗೊತ್ತಿದೆ. ಅದರ ಹೆದರಿಕೆಯಲ್ಲಿ ಆಡಿದ ಸುಳ್ಳಿಗಾಗಿ ಆತ ನೆವ್ಯಾನಾಳನ್ನು ದೂರ ತಳ್ಳುವವನಲ್ಲ. ಆದರೆ ಯಾರೋ ಒಬ್ಬರು ಎಲ್ಲೋ ಎರಡು ರೈಲು ಬದಲಿಸಿ ನಿಮ್ಮ ಬಳಿಗೆ ಬರುವವರಿದ್ದಾರೆ. ಅವರು ಬರುವ ಮೊದಲು, ಇಂದೇ, ನಿಮ್ಮ ಇಂದಿನ ಮುಖವನ್ನು ನಿಮ್ಮ ಹೆಸರಿನ ಪಕ್ಕ ಹಾಕಿಬಿಡಿ. ದಯವಿಟ್ಟು ಏನನ್ನೂ ಒರೆಸಬೇಡಿ.